ಪನಮರಂನ ಬಿಲ್ಲುಗಾರ: ತಲಕ್ಕಲ್ ಚಂದುವಿನ ಜಾಡು ಹಿಡಿದು ವಯನಾಡಿನಲ್ಲಿ

ವಯನಾಡಿಗೆ ಹೋಗುವ ನಮ್ಮ ಕಡೆಯವರು ಎಡಕ್ಕಲ್ ಗುಹೆ, ಬಾಣಾಸುರ ಸಾಗರ, ಪೂಕೋಡ್ ಕೆರೆ ಅಂತ ಪಟ್ಟಿ ಮಾಡಿಕೊಂಡು ಹೋಗುತ್ತಾರೆ. ನಾನು ಈ ಸಲ ಒಬ್ಬ ಮನುಷ್ಯನ ಹೆಸರು ಹಿಡಿದು ಹೋದೆ. ತಲಕ್ಕಲ್ ಚಂದು. ಕುರಿಚ್ಯ ಬುಡಕಟ್ಟಿನವನು, ಬಿಲ್ಲುಗಾರರ ಮುಖಂಡ, ಕಾಡಿನ ಯುದ್ಧದಲ್ಲಿ ಈಸ್ಟ್ ಇಂಡಿಯಾ ಕಂಪನಿಯನ್ನು ಕಂಗೆಡಿಸಿದವನು. ಕೇರಳದಲ್ಲಿ ಪಳಶ್ಶಿ ರಾಜನ ಹೆಸರು ಎಲ್ಲರಿಗೂ ಗೊತ್ತು. ಆ ರಾಜನ ಯುದ್ಧವನ್ನು ವಯನಾಡಿನಲ್ಲಿ ಹೊತ್ತು ನಿಂತವರು ಯಾರು ಅಂತ ಕೇಳಿದಾಗ ಮಾತ್ರ ಚಂದು ಹೆಸರು ಬರುತ್ತದೆ, ಅದೂ ರಾಜನಿಂದ ಒಂದು ಹೆಜ್ಜೆ ಹಿಂದೆ. ಆ ಒಂದು ಹೆಜ್ಜೆ ಹಿಂದೆ ಅನ್ನೋದು ನನಗೆ ಯಾವತ್ತೂ ಸರಿ ಅನ್ನಿಸಿರಲಿಲ್ಲ.

ಮೊದಲ ದಿನ: ಮೈಸೂರಿನಿಂದ ಬತ್ತೇರಿ

ಬೆಳಿಗ್ಗೆ ಬೇಗ ಹೊರಟು ನಂಜನಗೂಡು, ಗುಂಡ್ಲುಪೇಟೆ ದಾಟಿದೆವು. ನಾನು ಮತ್ತು ನನ್ನ ಕಾಲೇಜಿನ ದಿನಗಳ ಗೆಳೆಯ, ಅವನದೇ ಕಾರು. ಗುಂಡ್ಲುಪೇಟೆಯಲ್ಲಿ ಊಟಿ ರಸ್ತೆ ಬಿಟ್ಟು ಬತ್ತೇರಿ ಕಡೆ ತಿರುಗಿದರೆ ಸ್ವಲ್ಪ ದೂರಕ್ಕೇ ಮದ್ದೂರು ಚೆಕ್‌ಪೋಸ್ಟ್, ಅಲ್ಲಿಂದ ಮುಂದೆ ಬಂಡೀಪುರದ ಕಾಡು. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಈ ರಸ್ತೆ ಮುಚ್ಚಿರುತ್ತದೆ. ಹಾಗೇ ಇರಲಿ ಅಂತಲೇ ನನ್ನ ಆಸೆ.

ಮೂಲೆಹೊಳೆ ದಾಟಿದರೆ ಕೇರಳ, ಅಲ್ಲಿಂದ ಮುತ್ತಂಗ. ಜನ ಇಲ್ಲಿ ಜೀಪ್ ಸಫಾರಿಗೆ ಇಳಿಯುತ್ತಾರೆ. ಮುತ್ತಂಗ ಅಂದರೆ ನನಗೆ ಮೊದಲು ನೆನಪಾಗುವುದು 2003. ಸಿ.ಕೆ. ಜಾನು ಮತ್ತು ಗೀತಾನಂದನ್ ಅವರ ಮುಂದಾಳತ್ವದಲ್ಲಿ ಭೂಮಿ ಇಲ್ಲದ ಆದಿವಾಸಿಗಳು ಆ ವರ್ಷದ ಆರಂಭದಲ್ಲಿ ಈ ಕಾಡಿನೊಳಗೆ ಬಂದು ಗುಡಿಸಲು ಹಾಕಿದ್ದರು. ಭೂಮಿ ಕೊಡ್ತೀವಿ ಅಂತ ಸರ್ಕಾರ ಕೊಟ್ಟಿದ್ದ ಮಾತು ಉಳಿಸಿಕೊಳ್ಳಲಿಲ್ಲ ಅನ್ನೋದು ಅವರ ದೂರು. ಫೆಬ್ರವರಿ 19ರಂದು ಪೊಲೀಸರು ಗುಂಡು ಹಾರಿಸಿದರು. ಅವತ್ತು ಒಬ್ಬ ಆದಿವಾಸಿ, ಒಬ್ಬ ಪೊಲೀಸ್ ಸತ್ತರು. ಜಾನು ಅಡಿಯ ಸಮುದಾಯದವರು. ನಮ್ಮ ಕೊಡಗಿನಲ್ಲಿ ಯರವರು ಅಂತ ಕರೆಯುವ ಜನವೇ ಗಡಿ ದಾಟಿದರೆ ಅಡಿಯರು. ಚಂದು ಸತ್ತು ಸುಮಾರು 200 ವರ್ಷ ಆದಮೇಲೂ ಅದೇ ಜಿಲ್ಲೆಯಲ್ಲಿ ಜಗಳ ನೆಲದ ಬಗ್ಗೆಯೇ ನಡೆಯುತ್ತಿತ್ತು ಅನ್ನೋದನ್ನು ಈ ರಸ್ತೆಯಲ್ಲಿ ಹೋಗುವಾಗ ಮರೆಯೋಕಾಗಲ್ಲ.

ಸಂಜೆ ಬತ್ತೇರಿಯ ಹಳೇ ಜೈನ ಬಸದಿ ನೋಡಿದೆವು. ಕಲ್ಲಿನ ಕಂಬ, ಕಲ್ಲಿನ ಚಾವಣಿ, ನಮ್ಮ ಕಡೆಯ ಗುಡಿಗಳನ್ನು ನೋಡಿ ಬೆಳೆದವರಿಗೆ ಗುರುತು ಹತ್ತುವಂಥ ಕೆಲಸ. ಟಿಪ್ಪು ಇದನ್ನು ಮದ್ದುಗುಂಡು ಇಡುವ ಜಾಗ ಮಾಡಿಕೊಂಡಿದ್ದ, ಊರಿಗೆ ಸುಲ್ತಾನ್ ಬತ್ತೇರಿ ಅನ್ನೋ ಹೆಸರು ಬಂದದ್ದೂ ಅವನ ಫಿರಂಗಿಗಳಿಂದಲೇ. ಚಂದುವಿನ ಕಥೆ ಶುರುವಾಗುವುದೂ ಇಲ್ಲಿಂದಲೇ ಅನ್ನಬಹುದು. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಟಿಪ್ಪು ಸತ್ತ. ವಯನಾಡು ಇನ್ನು ನಮ್ಮದು ಅಂತ ಕಂಪನಿ ಹೇಳಿತು. ಉತ್ತರ ಮಲಬಾರಿನ ಕೋಟ್ಟಯಂ ಮನೆತನದ ಪಳಶ್ಶಿ ರಾಜ, ಇದು ನಮ್ಮ ನೆಲ, ಕೊಡಲ್ಲ ಅಂದ. ಕಂಪನಿ ಕಡೆಯಿಂದ ದಂಡಯಾತ್ರೆ ನೋಡಿಕೊಂಡವನು ಆರ್ಥರ್ ವೆಲ್ಲೆಸ್ಲಿ, ಮುಂದೆ ನೆಪೋಲಿಯನ್‌ನನ್ನು ಸೋಲಿಸಿದವನು. ಚನ್ನಗಿರಿಯ ಧೋಂಡಿಯ ವಾಘ್‌ನನ್ನು ಅಟ್ಟಿಸಿಕೊಂಡು ಹೋಗಿ 1800ರ ಸೆಪ್ಟೆಂಬರ್‌ನಲ್ಲಿ ಕೊಂದವನೂ ಇವನೇ. ಅಂದರೆ ಅದೇ ಸೇನಾಪತಿ, ಅದೇ ವರ್ಷಗಳು. ನಮ್ಮ ಬಯಲುಸೀಮೆಯಲ್ಲಿ ಕುದುರೆ ದಂಡು ಓಡಿಸಿ ಗೆದ್ದವನಿಗೆ ವಯನಾಡಿನ ಕಾಡಿನಲ್ಲಿ ಅದು ಆಗಲಿಲ್ಲ. ಮೊದಲು ರಸ್ತೆ ಕಡಿಸಬೇಕಾಯಿತು, ಅಲ್ಲಲ್ಲಿ ಠಾಣ್ಯ ಹಾಕಿಸಬೇಕಾಯಿತು. ಮಳೆ ಜಾಸ್ತಿ, ಜ್ವರ ಜಾಸ್ತಿ. ಶತ್ರು ಕಣ್ಣಿಗೆ ಕಾಣುವುದೇ ಇಲ್ಲ.

ಎರಡನೇ ದಿನ: ಪನಮರಂ

ಈ ಪ್ರವಾಸ ಮಾಡಿದ್ದೇ ಈ ದಿನಕ್ಕೋಸ್ಕರ.

ಬತ್ತೇರಿಯಿಂದ ನಡವಯಲ್ ಮೇಲೆ ಪನಮರಂಗೆ ಹೋಗುವ ದಾರಿ ಹಿಡಿದೆವು. ಭತ್ತದ ಗದ್ದೆ, ಬಾಳೆ, ಅಡಿಕೆ, ಮಧ್ಯೆ ಮಧ್ಯೆ ಕಾಫಿ. ದಾರಿಯಲ್ಲಿ ಪುದಂಗಡಿ ಹತ್ತಿರ ವಿಷ್ಣುಗುಡಿ, ಜನಾರ್ದನಗುಡಿ ಅಂತ ಹಳೇ ಕಲ್ಲಿನ ಗುಡಿಗಳಿವೆ. ಜನಾರ್ದನಗುಡಿಯ ಕಂಬಗಳ ತುಂಬ ಸಣ್ಣ ಸಣ್ಣ ಕೆತ್ತನೆ. ಕಲೆ ಇಷ್ಟ ಇರುವವರು ಒಂದು ತಾಸು ಇಟ್ಟುಕೊಳ್ಳಿ. ನಮಗೆ ಪನಮರಂ ತಲುಪುವ ಅವಸರ ಇದ್ದುದರಿಂದ ಬೇಗ ಹೊರಟೆವು.

ಪನಮರಂ ಸಣ್ಣ ಪೇಟೆ. ಬಸ್ಸು ನಿಲ್ಲುವ ಕಡೆ ಒಂದು ಚಹಾ ಅಂಗಡಿಯಲ್ಲಿ ಕಟ್ಟನ್ ಚಾಯ (ಹಾಲಿಲ್ಲದ ಚಹಾ) ಕುಡಿಯುತ್ತಾ ಚಂದು ಸ್ಮಾರಕ ಎಲ್ಲಿ ಅಂತ ಕೇಳಿದೆವು. ಅಂಗಡಿಯವರು ನಮ್ಮ ಮಲಯಾಳ ಕೇಳಿ ಕನ್ನಡದಲ್ಲೇ ಉತ್ತರ ಕೊಟ್ಟರು. ಶುಂಠಿ ಬೆಳೆಯೋಕೆ ಎಚ್.ಡಿ. ಕೋಟೆ ಕಡೆ ಜಮೀನು ಗುತ್ತಿಗೆಗೆ ಹಿಡಿದು ಕೆಲವು ವರ್ಷ ಅಲ್ಲೇ ಇದ್ದವರಂತೆ. ವಯನಾಡಿನ ಎಷ್ಟೋ ರೈತರು ಹೀಗೆ ನಮ್ಮ ಕಡೆ ಬಂದು ಶುಂಠಿ ಹಾಕುತ್ತಾರೆ. "ಎಲ್ಲರೂ ಡ್ಯಾಮ್ ಎಲ್ಲಿ ಅಂತ ಕೇಳ್ತಾರೆ ಸಾರ್, ನೀವು ಚಂದು ಅಂತ ಕೇಳಿದ್ರಲ್ಲ" ಅಂತ ಹೊರಗೆ ಬಂದು ದಾರಿ ತೋರಿಸಿದರು.

ಕಂಪನಿಯ ಠಾಣ್ಯ ಇದ್ದ ಜಾಗ ಇದು, ಆದರೆ ಕೋಟೆ ಅಂತ ಹೇಳಿಕೊಳ್ಳುವಂಥ ಗೋಡೆ ಈಗ ಇಲ್ಲ. ಇರುವುದು ಚಂದುವಿನ ನೆನಪಿಗೆ ಜನ ಉಳಿಸಿಕೊಂಡ ಒಂದು ಕೋಲಿ ಮರ ಮತ್ತು ಅಲ್ಲಿನ ಸ್ಮಾರಕ. ಪಕ್ಕದ ಮ್ಯೂಸಿಯಂ 2012ರಲ್ಲಿ ಶುರುವಾದದ್ದು. ದೊಡ್ಡ ಜಾಗ ಅಲ್ಲ. ನಾವಿದ್ದಷ್ಟು ಹೊತ್ತು ಬೇರೆ ಯಾರೂ ಬರಲಿಲ್ಲ. ಅದರಿಂದ ಒಂದು ಅನುಕೂಲ ಆಯಿತು, 1802ರ ಅಕ್ಟೋಬರ್ 11ರಂದು ಇಲ್ಲಿ ನಡೆದದ್ದನ್ನು ನಿಧಾನವಾಗಿ ಗೆಳೆಯನಿಗೆ ಹೇಳಿದೆ. ಇಲ್ಲೂ ಹೇಳುತ್ತೇನೆ.

ಆಗ ರಾಜನ ಕಡೆಯವರಿಗೆ ಒಳ್ಳೆಯ ಕಾಲ ಆಗಿರಲಿಲ್ಲ. ವೆಲ್ಲೆಸ್ಲಿಯ ಸೈನ್ಯ ವಯನಾಡಿನೊಳಗೆ ಬಂದು ಕೂತಿತ್ತು, ರಾಜ ಕಾಡುಗಳಲ್ಲಿ ಅಲೆಯುತ್ತಿದ್ದ, ಎಲ್ಲ ಮುಗಿಯಿತು ಅಂತ ಕಂಪನಿ ಅಂದುಕೊಂಡಿತ್ತು. ಅಕ್ಟೋಬರ್‌ನಲ್ಲಿ ಕಂಪನಿಯ ಒಬ್ಬ ಜವಾನ ಒಂದು ಕುರಿಚ್ಯ ಮನೆಗೆ ಬಂದು ಭತ್ತ ಕೊಡು ಅಂತ ಜೋರು ಮಾಡಿದ. ಆ ಮನೆಯಲ್ಲಿ ಅವತ್ತು ರಾಜನ ಸರದಾರ ಎಡಚ್ಚೇನ ಕುಂಕನ್ ಇದ್ದ. ಎದ್ದು ಬಂದು ಜವಾನನನ್ನು ಅಲ್ಲೇ ಕೊಂದ. ಅಲ್ಲಿಂದ ಕೆಲವೇ ದಿನದಲ್ಲಿ ಚಂದು ತನ್ನ ಕುರಿಚ್ಯರನ್ನು ಕೂಡಿಸಿದ. ಸುಮಾರು 150 ಬಿಲ್ಲುಗಾರರು.

ಪನಮರಂ ಠಾಣ್ಯದಲ್ಲಿ ಇದ್ದದ್ದು ಬಾಂಬೆ ಪದಾತಿ ದಳದ 70 ಸಿಪಾಯಿಗಳು, ಮೇಲೆ ಕ್ಯಾಪ್ಟನ್ ಡಿಕೆನ್‌ಸನ್, ಲೆಫ್ಟಿನೆಂಟ್ ಮ್ಯಾಕ್ಸ್‌ವೆಲ್. ಚಂದುವಿನವರು ಸುತ್ತುಗಟ್ಟಿದರು. ಮೊದಲು ಕೈ ಹಾಕಿದ್ದು ಸಿಪಾಯಿಗಳ ಮೇಲಲ್ಲ, ಬಂದೂಕುಗಳ ಮೇಲೆ. ಬಂದೂಕು ಕೈಗೆ ಸಿಗದ ಸಿಪಾಯಿ ಏನು ಮಾಡಿಯಾನು? ಬಿಲ್ಲು, ಕತ್ತಿ ಹಿಡಿದವರು ಆಮೇಲೆ ಒಳಗೆ ನುಗ್ಗಿದರು. ಇಬ್ಬರು ಅಧಿಕಾರಿಗಳೂ ಸತ್ತರು, ದಳ ನಾಶವಾಯಿತು, ಕಟ್ಟಡಗಳನ್ನು ಸುಟ್ಟು ನೆಲಸಮ ಮಾಡಿದರು. 112 ಬಂದೂಕು, 6 ಪೆಟ್ಟಿಗೆ ಮದ್ದುಗುಂಡು, 6,000 ರೂಪಾಯಿ ಸಿಕ್ಕಿತು. ಇದೆಲ್ಲ ಕಂಪನಿಯವರೇ ಬರೆದಿಟ್ಟ ಲೆಕ್ಕ. ಇನ್ನೊಂದು ವಿಷಯವೂ ಆ ಲೆಕ್ಕದಲ್ಲಿದೆ: ಕೆಲವೇ ಮೈಲಿ ದೂರದ ಪುಳಿಂಜಾಲ್‌ನಲ್ಲಿ 360 ಸೈನಿಕರನ್ನು ಇಟ್ಟುಕೊಂಡು ಒಬ್ಬ ಮೇಜರ್ ಇದ್ದ, ಅವನು ಕದಲಲಿಲ್ಲ. ವೆಲ್ಲೆಸ್ಲಿಗೆ ಕೋಪ ಬಂದದ್ದು ಅದಕ್ಕೇ.

ಇದನ್ನು ಸುಮ್ನೆ ಹಠಾತ್ ದಾಳಿ ಅಂತ ಬಿಟ್ಟುಬಿಡಬಾರದು. ಕುರಿಚ್ಯರು ಬೇಟೆಗಾರರು, ಭತ್ತ ಬೆಳೆಯುವ ರೈತರೂ ಹೌದು. ದೊಡ್ಡ ಕೂಡುಕುಟುಂಬಗಳಲ್ಲಿ ಬದುಕುವವರು, ಆಸ್ತಿ ತಾಯಿಯ ಕಡೆಯಿಂದ ಬರುತ್ತದೆ. ಅವರ ದೇವರು ಮಲಕ್ಕಾರಿ. ಗಂಡು ಮಕ್ಕಳು ಚಿಕ್ಕವರಿದ್ದಾಗಲೇ ಬಿಲ್ಲು ಹಿಡಿಯುತ್ತಾರೆ. ಬೇಟೆಯಲ್ಲಿ ಕಲಿಯುವುದೇನು? ಸದ್ದಿಲ್ಲದೆ ಕಾಯುವುದು, ಪ್ರಾಣಿ ಯಾವಾಗ ಯಾವ ದಾರಿಯಲ್ಲಿ ಬರುತ್ತದೆ ಅಂತ ತಿಳಿಯುವುದು, ಒಬ್ಬರಿಗೊಬ್ಬರು ಮಾತಿಲ್ಲದೆ ಜಾಗ ಹಿಡಿಯುವುದು. ಅಂದಿನ ಬಂದೂಕಿಗೆ ಪ್ರತಿ ಸಲ ಮದ್ದು ತುಂಬಬೇಕು, ಮಳೆಯಲ್ಲಿ ಮದ್ದು ಒದ್ದೆಯಾದರೆ ಅದು ಬರೀ ಕೋಲು. ಬಾಣಕ್ಕೆ ಸದ್ದೂ ಇಲ್ಲ, ಹೊಗೆಯೂ ಇಲ್ಲ, ಎಲ್ಲಿಂದ ಬಂತು ಅಂತ ತಿಳಿಯುವುದೂ ಇಲ್ಲ. ಬಿಲ್ಲು ಬಂದೂಕಿನ ಮುಂದೆ ಹಿಂದುಳಿದ ಆಯುಧ ಅನ್ನುವವರು ಅಕ್ಟೋಬರ್ ತಿಂಗಳಲ್ಲಿ ವಯನಾಡಿನ ಕಾಡಿನೊಳಗೆ ಒಮ್ಮೆ ನಿಂತು ನೋಡಬೇಕು. ಹತ್ತು ಮಾರು ದೂರ ಏನಿದೆ ಅಂತ ಕಾಣಲ್ಲ.

ಇದೇ ಜಾಗದಲ್ಲಿ ಮೂರು ವರ್ಷದ ನಂತರ ಚಂದುವನ್ನು ಕೊಂದರು. 1805ರ ನವೆಂಬರ್‌ನಲ್ಲಿ ಸೆರೆ ಸಿಕ್ಕ, ನವೆಂಬರ್ 15ರಂದು ಈ ಕೋಲಿ ಮರದ ಹತ್ತಿರ ಅವನ ಪ್ರಾಣ ತೆಗೆದರು ಅಂತ ಊರು ನೆನಪಿಟ್ಟುಕೊಂಡಿದೆ. ಗೆದ್ದ ಜಾಗಕ್ಕೇ ಕರೆತಂದು ಕೊಂದರು ಅನ್ನೋದನ್ನು ಗಮನಿಸಿ. ಅದು ಅವನೊಬ್ಬನಿಗೆ ಕೊಟ್ಟ ಶಿಕ್ಷೆ ಅಲ್ಲ, ಸುತ್ತಲಿನ ಕುರಿಚ್ಯ ಮನೆಗಳಿಗೆ ಕೇಳಲಿ ಅಂತ ಮಾಡಿದ್ದು. ನಮ್ಮ ಹಲಗಲಿ ಬೇಡರ ನಾಯಕರನ್ನು 1857ರಲ್ಲಿ ನೇಣಿಗೆ ಹಾಕಿದ್ದೂ ಜನ ಸೇರುವ ಜಾಗದಲ್ಲೇ ಅಲ್ವಾ. ಹಲಗಲಿಯವರಿಗೆ ಲಾವಣಿ ಉಳಿಯಿತು. ಇಲ್ಲಿ ಒಂದು ಮರ ಉಳಿಯಿತು, ಜನ ಆ ಮರವನ್ನೇ ಕಾಪಾಡಿಕೊಂಡು ಬಂದರು.

ಮರದ ಹತ್ತಿರ ತುಂಬ ಹೊತ್ತು ಕೂತಿದ್ದೆವು. ಮಧ್ಯಾಹ್ನ ಹೊಳೆ ಕಡೆ ನಡೆದೆವು. ಈ ಪನಮರಂ ಹೊಳೆ ಮುಂದೆ ಮಾನಂದವಾಡಿ ಹೊಳೆಯನ್ನು ಕೂಡಿ ಕಬಿನಿ ಆಗುತ್ತದೆ. ನಂಜನಗೂಡಿನಲ್ಲಿ ನಾವು ಸ್ನಾನ ಮಾಡುವುದು ಇದೇ ನೀರಿನಲ್ಲಿ. ಕಬಿನಿ ದಡದ ನಾವು ಚಂದುವಿನ ಹೆಸರನ್ನು ಶಾಲೆಯಲ್ಲಿ ಒಮ್ಮೆಯೂ ಕೇಳಲಿಲ್ಲ ಅನ್ನೋದು ನನಗೆ ಬೇಸರದ ವಿಷಯ.

ಮೂರನೇ ದಿನ: ಪುಲ್ಪಳ್ಳಿ ಮತ್ತು ಮಾವಿಲಾಂತೋಡು

ಪುಲ್ಪಳ್ಳಿಯ ಸೀತಾದೇವಿ ದೇವಸ್ಥಾನಕ್ಕೆ ಬೆಳಿಗ್ಗೆಯೇ ಹೋದೆವು. ಸೀತೆ ಲವಕುಶರ ಜೊತೆ ಇದ್ದದ್ದು ಇಲ್ಲೇ ಅಂತ ಇಲ್ಲಿನವರ ನಂಬಿಕೆ. ಅವಳ ಶಾಪದಿಂದ ಪುಲ್ಪಳ್ಳಿಯಲ್ಲಿ ಜಿಗಣೆ ಇರಲ್ಲ ಅಂತಲೂ ಹೇಳುತ್ತಾರೆ.

ನಾವು ಬಂದದ್ದು ಬೇರೆ ಕಾರಣಕ್ಕೆ. ಪನಮರಂ ಗೆದ್ದ ಮೇಲೆ ಎಡಚ್ಚೇನ ಕುಂಕನ್ ಜನರನ್ನು ಕರೆದದ್ದು ಈ ದೇವಸ್ಥಾನಕ್ಕೆ. ಆಯುಧ ಹಿಡಿದು ಬನ್ನಿ ಅಂತ ಸುದ್ದಿ ಕಳಿಸಿದ, ಸುಮಾರು 3,000 ಜನ ಬಂದು ಸೇರಿದರು. ಮುಗಿಯಿತು ಅಂದುಕೊಂಡ ಯುದ್ಧ ಮತ್ತೆ ಮೂರು ವರ್ಷ ನಡೆಯಿತು. ಪನಮರಂ ಆಗದೇ ಇದ್ದಿದ್ದರೆ ಈ 3,000 ಜನ ಬರುತ್ತಿದ್ದರಾ? ನನಗೆ ಅನುಮಾನ. ಸಿಪಾಯಿಗಳ ಠಾಣ್ಯವನ್ನು ಬಿಲ್ಲುಗಾರರು ಹೊಡೆದರು ಅನ್ನೋ ಸುದ್ದಿ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಿರಬೇಕು, ಹಾಗಾದರೆ ನಾವೂ ಮಾಡಬಹುದು ಅಂತ ಜನ ಎದ್ದಿರಬೇಕು. ರಾಜ ಇದ್ದ, ಸರದಾರರು ಇದ್ದರು. ಆದರೆ ಆ ಧೈರ್ಯ ಬಂದದ್ದು ಕುರಿಚ್ಯರ ಬಾಣದಿಂದ.

ಮಾವಿಲಾಂತೋಡು ಪುಲ್ಪಳ್ಳಿಯಿಂದ ದೂರ ಇಲ್ಲ. ಕಾಡಿನ ಅಂಚಿನ ತೊರೆ, ಪಕ್ಕದಲ್ಲಿ ಪಾರ್ಕ್ ಥರ ಮಾಡಿದ್ದಾರೆ, ರಾಜನ ಪ್ರತಿಮೆ ಇದೆ. ಹೊಳೆಯ ಆಚೆ ಕರ್ನಾಟಕ ಇಷ್ಟು ಹತ್ತಿರ ಇದೆ ಅಂತ ನನ್ನ ಗೆಳೆಯನಿಗೆ ಗೊತ್ತಿರಲಿಲ್ಲ. 1805ರ ನವೆಂಬರ್ 30ರಂದು ರಾಜ ಇಲ್ಲಿ ಸತ್ತ. ಸಬ್ ಕಲೆಕ್ಟರ್ ಆಗಿದ್ದ ಥಾಮಸ್ ಹಾರ್ವೆ ಬೇಬರ್ ತನ್ನ ಪಡೆ ಜೊತೆ ಅಡಗುತಾಣಕ್ಕೆ ನುಗ್ಗಿದ್ದ. ಬೇಬರ್ ರಾಜನ ಹೆಣವನ್ನು ತನ್ನ ಪಲ್ಲಕ್ಕಿಯಲ್ಲೇ ಇಡಿಸಿ ಮಾನಂದವಾಡಿಗೆ ಕಳಿಸಿದ, ಅಲ್ಲಿ ಮರ್ಯಾದೆಯಿಂದ ಅಂತ್ಯಕ್ರಿಯೆ ನಡೆಯಿತು.

ದಿನ ಎಣಿಸಿ ನೋಡಿ. ಚಂದು ಸತ್ತದ್ದು 15ಕ್ಕೆ, ರಾಜ ಸತ್ತದ್ದು 30ಕ್ಕೆ. ಬಿಲ್ಲುಗಾರರ ಮುಖಂಡ ಹೋಗಿ ಹದಿನೈದು ದಿನಕ್ಕೆ ರಾಜನ ಅಡಗುತಾಣ ಸಿಕ್ಕಿತು. ಅದಕ್ಕೆ ಬೇರೆ ಕಾರಣಗಳೂ ಇದ್ದವು, ತಲೆಗೆ ಬಹುಮಾನ ಘೋಷಿಸಿದ್ದರು, ಬೇಬರ್ ಜನರ ನಡುವೆ ಬೇಹುಗಾರರನ್ನು ಬಿಟ್ಟಿದ್ದ. ಆದರೂ ಈ ಎರಡು ತಾರೀಖುಗಳು ನನ್ನ ತಲೆಯಿಂದ ಹೋಗುತ್ತಿಲ್ಲ. ಪಲ್ಲಕ್ಕಿ ರಾಜನಿಗೆ ಬಂತು. ಚಂದುವಿನ ಹೆಣಕ್ಕೆ ಯಾರು ಪಲ್ಲಕ್ಕಿ ಕಳಿಸಿದರು?

ಪಾರ್ಕಿನಲ್ಲಿ ಶಾಲೆ ಮಕ್ಕಳ ಒಂದು ಬಸ್ಸು ಬಂದಿತ್ತು. ಟೀಚರ್ ಮಲಯಾಳದಲ್ಲಿ ರಾಜನ ಬಗ್ಗೆ ಚೆನ್ನಾಗಿ ಹೇಳುತ್ತಿದ್ದರು, ಕುಂಕನ್ ಹೆಸರು ಬಂತು, ಚಂದು ಹೆಸರೂ ಬಂತು. ಖುಷಿಯಾಯಿತು.

ನಾಲ್ಕನೇ ದಿನ: ಮಾನಂದವಾಡಿ, ವಳ್ಳಿಯೂರ್‌ಕಾವ್, ವಾಪಸ್

ರಾಜನ ಸಮಾಧಿ ಮಾನಂದವಾಡಿಯ ಗುಡ್ಡದ ಮೇಲಿದೆ. ಪಕ್ಕದಲ್ಲೇ ಮ್ಯೂಸಿಯಂ ಇದೆ, ಪಳಶ್ಶಿ ಕುಡೀರಂ ಅನ್ನುತ್ತಾರೆ. ಚೆನ್ನಾಗಿ ಇಟ್ಟುಕೊಂಡಿದ್ದಾರೆ. ರಾಜನಿಗೆ ಈ ಗೌರವ ಸಲ್ಲಬೇಕಾದದ್ದೇ, ಅದರಲ್ಲಿ ನನಗೆ ಎರಡು ಮಾತಿಲ್ಲ. ಗುಡ್ಡದ ಬುಡಕ್ಕೆ ಬಂದು ಪುಟ್ಟು, ಕಡಲೆ ತಿಂದು ವಳ್ಳಿಯೂರ್‌ಕಾವ್ ಕಡೆ ಹೋದೆವು.

ಕಬಿನಿ ದಡದ ಈ ಭಗವತಿ ಗುಡಿಯಲ್ಲಿ ಮಾರ್ಚ್‌ನಲ್ಲಿ ದೊಡ್ಡ ಜಾತ್ರೆ. ವಯನಾಡಿನ ಎಲ್ಲ ಬುಡಕಟ್ಟಿನವರೂ ಬರುತ್ತಾರೆ. ಹಿಂದೆ ಈ ಜಾತ್ರೆಯಲ್ಲೇ ಜಮೀನ್ದಾರರು ಪಣಿಯರನ್ನು, ಅಡಿಯರನ್ನು ವರ್ಷದ ಜೀತಕ್ಕೆ ಗೊತ್ತು ಮಾಡಿಕೊಳ್ಳುತ್ತಿದ್ದರು, ದೇವರ ಮುಂದೆ ಕೊಟ್ಟ ಮಾತು ಅಂತ ಅವರು ಬಿಟ್ಟು ಹೋಗುವ ಹಾಗಿರಲಿಲ್ಲ. ಗುಡಿ ಈಗ ಸ್ವಚ್ಛ, ತಣ್ಣಗೆ, ಸುತ್ತ ಮರಗಳು. ಕುರಿಚ್ಯರ ಕಥೆ ಹೇಳುವಾಗ ಇದನ್ನೂ ಹೇಳಬೇಕು. ಕುರಿಚ್ಯರಿಗೆ ಸ್ವಂತ ಗದ್ದೆ ಇತ್ತು, ತಮ್ಮನ್ನು ಮೇಲಿನವರು ಅಂತ ತಿಳಿದು ಪಣಿಯರನ್ನು ಮುಟ್ಟಿಸಿಕೊಳ್ಳುತ್ತಿರಲಿಲ್ಲ. ವಯನಾಡಿನ ಆದಿವಾಸಿಗಳು ಅಂತ ಒಂದೇ ಮಾತಿನಲ್ಲಿ ಹೇಳಿದರೆ ಅವರೊಳಗಿನ ಈ ಮೇಲು ಕೀಳು ಕಾಣದೇ ಹೋಗುತ್ತದೆ.

ಇಲ್ಲೇ ಕಲ್ಲುಕಟ್ಟೆ ಮೇಲೆ ಕೂತು ಗೆಳೆಯ ಕೇಳಿದ: "ರಾಜ ಸತ್ತಮೇಲೆ ಕುರಿಚ್ಯರು ಏನಾದರು? ಸುಮ್ಮನಾದರಾ?"

ಸುಮ್ಮನಾಗಲಿಲ್ಲ. ನಾನು ಈ ಪ್ರವಾಸದಲ್ಲಿ ಹೇಳಬೇಕು ಅಂತ ಇಟ್ಟುಕೊಂಡದ್ದೇ ಅದು. ಕಂಪನಿ ಗೆದ್ದ ಮೇಲೆ ಕಂದಾಯವನ್ನು ದವಸದ ಬದಲು ದುಡ್ಡಿನಲ್ಲಿ ಕೊಡಿ ಅಂತ ಶುರು ಮಾಡಿತು. ಭತ್ತ ಬೆಳೆದು ಉಣ್ಣುವವರ ಹತ್ತಿರ ದುಡ್ಡು ಎಲ್ಲಿಂದ ಬರಬೇಕು? ಮಾರಬೇಕು, ಸಾಲ ಮಾಡಬೇಕು, ಕೊಡದಿದ್ದರೆ ಗದ್ದೆ ಬಿಡಬೇಕು. 1812ರ ಮಾರ್ಚ್ ಕೊನೆಯಲ್ಲಿ ಕುರಿಚ್ಯರು ಎದ್ದರು, ಇನ್ನೊಂದು ಬುಡಕಟ್ಟಾದ ಕುರುಮರು ಜೊತೆಗೂಡಿದರು, ರಾಮನ್ ನಂಬಿ ಅನ್ನುವವನು ಮುಂದೆ ನಿಂತ. ಬತ್ತೇರಿ, ಮಾನಂದವಾಡಿಯ ಕಂಪನಿ ಠಾಣ್ಯಗಳಿಗೆ ಮುತ್ತಿಗೆ ಹಾಕಿದರು, ಘಟ್ಟದ ದಾರಿಗಳನ್ನು ಹಿಡಿದರು. ಕಂಪನಿ ಬೇರೆ ಕಡೆಯಿಂದ ಸೈನ್ಯ ತರಿಸಿ ಮೇ ಹೊತ್ತಿಗೆ ಅದನ್ನು ಹತ್ತಿಕ್ಕಿತು. ನಡೆದದ್ದು ಒಂದೂವರೆ ತಿಂಗಳಷ್ಟೇ.

ಆದರೆ ನೋಡಿ, ಆಗ ರಾಜ ಇಲ್ಲ. ಕುಂಕನ್ ಇಲ್ಲ. ಚಂದುವೂ ಇಲ್ಲ. ರಾಜನ ಅಪ್ಪಣೆಗೆ ಹೋರಾಡಿದ ಜನ ಆಗಿದ್ದರೆ 1805ಕ್ಕೇ ಬಿಲ್ಲು ಮೂಲೆಗೆ ಇಡಬೇಕಿತ್ತು. ಏಳು ವರ್ಷ ಬಿಟ್ಟು ತಾವೇ ಎದ್ದರು ಅಂದರೆ ಮೊದಲ ಯುದ್ಧವೂ ಅವರದೇ ಆಗಿತ್ತು. 1802ರಲ್ಲಿ ಜಗಳ ಶುರುವಾದದ್ದು ಕುರಿಚ್ಯ ಮನೆಯ ಅಂಗಳದಲ್ಲಿ, ಒಂದಿಷ್ಟು ಭತ್ತಕ್ಕೆ. 1812ರಲ್ಲೂ ಭತ್ತಕ್ಕೇ. ಚಂದುವನ್ನು ರಾಜನ ನಿಷ್ಠಾವಂತ ಸೇನಾಪತಿ ಅಂತ ಮಾತ್ರ ಹೇಳುವುದು ನನಗೆ ಒಪ್ಪಿಗೆ ಆಗದಿರುವುದು ಇದಕ್ಕೇ. ಅವನು ತನ್ನ ಜನರ ಗದ್ದೆಗೆ ಹೋರಾಡಿದ. ರಾಜನಿಗೂ ಅವನಿಗೂ ಶತ್ರು ಒಬ್ಬನೇ ಆಗಿದ್ದ.

ಆ ಭತ್ತದ ಕಥೆ ಇನ್ನೂ ನಡೆಯುತ್ತಿದೆ ಅನ್ನೋದು ಸಂತೋಷ. ಮಾನಂದವಾಡಿ ಹತ್ತಿರದ ಕಮ್ಮನದಲ್ಲಿ ಚೆರುವಯಲ್ ರಾಮನ್ ಅನ್ನುವ ಕುರಿಚ್ಯ ರೈತರು ನಾಟಿ ಭತ್ತದ 50ಕ್ಕೂ ಹೆಚ್ಚು ತಳಿಗಳನ್ನು ಉಳಿಸಿಕೊಂಡು ಬಂದಿದ್ದಾರೆ, 2023ರಲ್ಲಿ ಪದ್ಮಶ್ರೀ ಬಂತು. ನಾವು ಅವರನ್ನು ನೋಡಲು ಹೋಗಲಿಲ್ಲ, ಹೇಳದೆ ಕೇಳದೆ ಯಾರದೋ ಮನೆ ಬಾಗಿಲಿಗೆ ಹೋಗಿ ನಿಲ್ಲುವುದು ಬೇಡ ಅನ್ನಿಸಿತು.

ಮಧ್ಯಾಹ್ನ ಊಟ ಮುಗಿಸಿ ಬಾವಲಿ ದಾರಿಯಲ್ಲಿ ಹೊರಟೆವು. ಬಾವಲಿ ಗಡಿ ದಾಟಿದರೆ ನಾಗರಹೊಳೆ ಕಾಡು, ಆಮೇಲೆ ಎಚ್.ಡಿ. ಕೋಟೆ, ಮೈಸೂರು. ಈ ರಸ್ತೆ ಸಂಜೆ 6ಕ್ಕೇ ಮುಚ್ಚುತ್ತದೆ, ಬತ್ತೇರಿ ರಸ್ತೆಯ ಹಾಗೆ 9ರವರೆಗೆ ಇರಲ್ಲ, ಅದಕ್ಕೆ ಮಾನಂದವಾಡಿಯನ್ನು 4 ಗಂಟೆ ಒಳಗೇ ಬಿಡಿ.

ಹೋಗುವವರಿಗೆ ಇನ್ನೊಂದು ಮಾತು. ನಮ್ಮ ಕಡೆಯವರು ಮಾನಂದವಾಡಿಯ ಸಮಾಧಿ ನೋಡಿ, ಟೈಮ್ ಇದ್ದರೆ ಪನಮರಂ ಅನ್ನುತ್ತಾರೆ. ಅದನ್ನು ತಿರುಗಿಸಿ. ಮೊದಲು ಪನಮರಂ, ಆಮೇಲೆ ಪುಲ್ಪಳ್ಳಿ, ಮಾವಿಲಾಂತೋಡು, ಕೊನೆಗೆ ಮಾನಂದವಾಡಿ. ಆಗಲೇ ನಡೆದ ಕ್ರಮ ಗೊತ್ತಾಗುತ್ತದೆ. ಸಾಧ್ಯವಾದರೆ ನವೆಂಬರ್ 15ರ ಸುಮಾರಿಗೆ ಹೋಗಿ, ಮಳೆಯೂ ಕಮ್ಮಿ ಇರುತ್ತದೆ. ಮಕ್ಕಳಿದ್ದರೆ ಕರೆದುಕೊಂಡು ಹೋಗಿ, ಕೋಲಿ ಮರದ ಹತ್ತಿರ ಕೂರಿಸಿ 112 ಬಂದೂಕಿನ ಕಥೆ ಹೇಳಿ.